ಚರಗದ ದಿನದ ಎಣ್ಣೆಗಾಯಿ

ಚಿಮ್ಮಡ ಊರಿನ ಆಚೆ ನಮ್ಮ ಹೊಲದಲ್ಲಿ ನಾಲ್ಕು ಮನೆಯವರು ಕೂಡಿ ಕಾಯಿಪಲ್ಯ ಬೆಳೆಯುತ್ತೇವೆ. ಅಂಗಡಿ ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಬಿತ್ತುವ ಮೊದಲು ಕುರಿ ಹಿಂಡು ನಿಲ್ಲಿಸುತ್ತೇವೆ, ಅದೇ ಗೊಬ್ಬರ. ಬನಹಟ್ಟಿಯ ನೇಕಾರರ ಕೆಲವು ಮನೆಗಳಿಗೆ ನಮ್ಮ ಬದನೆ, ಚವಳಿಕಾಯಿ, ಮೆಂತ್ಯ ಹೋಗುತ್ತವೆ. ಮಗ್ಗಕ್ಕೆ ಬಿಡುವಿದ್ದಾಗ ಅವರೂ ಬಂದು ನಮ್ಮ ಜೊತೆ ಕಳೆ ತೆಗೆಯುತ್ತಾರೆ. ಬಂದವರಿಗೆಲ್ಲ ಊಟ ಹೊಲದಲ್ಲೇ. ಆ ಒಲೆಯ ಒಡತಿ ನನ್ನ ಅತ್ತೆ.

ಅತ್ತೆಯ ಬಾಯಿ ಬಹಳ ಜೋರು. ಬಲಿತ ಬದನೆ ಕಿತ್ತು ತಂದರೆ, "ಕಣ್ಣ ಮನ್ಯಾಗ ಬಿಟ್ಟ ಬಂದೀಯೇನ ಬೇ?" ಎನ್ನುವಳು. ನಾನೂ ಸುಮ್ಮನಿರುವವಳಲ್ಲ. ಹೀಗೆ ಬೈದಾಡಿಕೊಂಡೇ ನಾವಿಬ್ಬರೂ ಹತ್ತಿರವಾದೆವು. ಅವಳಿಗೆ ಸರಿಜೋಡಿ ಎಂದರೆ ಬನಹಟ್ಟಿಯ ಒಬ್ಬ ನೇಕಾರ ಕಾಕಾ. ಆತ ಅವಳನ್ನು ಕೆಣಕದ ಊಟವೇ ಇಲ್ಲ.

"ಖಾರ ಕಡಿಮಿ ಆತಲ್ರೀ ಅಕ್ಕಾರ. ಮೆಣಸಿನಕಾಯಿ ತುಟ್ಟಿ ಆಗ್ಯಾವೇನ?"

"ಹಂಗಾರ ಮಗ್ಗಾ ಬಿಟ್ಟ ಒಲಿ ಮುಂದ ಕುಂದರ ಬಾರಪಾ!" ಎಂದು ಅತ್ತೆ ಸೌಟು ತೋರಿಸುವಳು. ನಕ್ಕು ನಕ್ಕು ನಮಗೆ ಇನ್ನೊಂದು ರೊಟ್ಟಿ ಹೆಚ್ಚಿಗೆ ಹೋಗುತ್ತಿತ್ತು.

ಈಚೆಗೆ ಅತ್ತೆಗೆ ಮರೆವು ಶುರುವಾಗಿದೆ. ನೀರು ಬಿಟ್ಟ ಮಡಿಗೇ ಮತ್ತೆ ನೀರು ಬಿಡುತ್ತಾಳೆ. ಒಲೆ ಹೊತ್ತಿಸಿ, ಮೆಂತ್ಯ ಸೊಪ್ಪು ಸೋಸುತ್ತ ಕುಳಿತುಬಿಡುತ್ತಾಳೆ. ಹೋದ ಎಳ್ಳಮಾವಾಸ್ಯೆಗೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, "ಈ ಸಲ ಅಡಗಿ ನಾವ ಮಾಡೂಣು ಅಕ್ಕಾ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಒಲೆಯನ್ನೂ ಕಸಿದುಕೊಂಡರೆ ಅವಳಿಗೆ ಉಳಿಯುವುದೇನು? "ಎಣ್ಣಿಗಾಯಿ ಅತ್ಯಾರ ಮಾಡ್ಲಿ" ಎಂದು ಹಟ ಹಿಡಿದೆ.

ಆ ದಿನದ ಅಡುಗೆಗೆ ಒಂದು ಕಟ್ಟಳೆಯಿದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಮಾಡಿದ ಅಡುಗೆಯನ್ನೇ ಹೊಲದ ತುಂಬ ಚರಗವಾಗಿ ಚೆಲ್ಲಿ, ಭೂಮಿಗೆ ಮೊದಲ ತುತ್ತು ಕೊಡಬೇಕು. ಅಲ್ಲಿಯ ತನಕ ಯಾರೂ ಏನನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಉಪ್ಪು, ಖಾರ ಎಲ್ಲ ಕೈಯಳತೆ.

ನಾನು ಕೊತ್ತಂಬರಿ ಕಿತ್ತು ಬರುವಷ್ಟರಲ್ಲಿ ತುಂಬಿದ್ದ ಉಪ್ಪಿನ ಡಬ್ಬಿ ಅರ್ಧ ಖಾಲಿಯಾಗಿತ್ತು. ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿದ್ದಳೇನೋ. ಅತ್ತೆ ಆಚೆ ತಿರುಗಿದಾಗ ಪಾತ್ರೆಗೆ ಒಂದು ತಂಬಿಗೆ ನೀರು ಸುರಿದೆ.

"ನೀರ ಯಾಕ ಹಾಕ್ತಿ ಬೇ? ನಾ ಎಣ್ಣಿಗಾಯಿ ಮಾಡಾಕತ್ತೇನೋ, ಸಾರ ಮಾಡಾಕತ್ತೇನೋ?"

"ತಳಾ ಹತ್ತಾಕತ್ತಿತ್ರೀ ಅತ್ತೀ."

"ನನ್ನ ಕೈಯಾಗ ಎಂದರ ತಳಾ ಹತ್ತೇತೇನ?"

ಹುರಿದ ಎಳ್ಳು, ಶೇಂಗಾದ ಘಮ ಯಾವಾಗಿನಂತೆಯೇ ಇತ್ತು. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚರಗ ಚೆಲ್ಲಿ ಬಂದು ಎಲ್ಲರೂ ಸಾಲಾಗಿ ಕುಳಿತೆವು. ಅತ್ತೆ ತಾನೇ ಬಡಿಸಿದಳು. ಮೊದಲ ತುತ್ತು ಬಾಯಿಗಿಟ್ಟರೆ, ಅಯ್ಯೋ, ಬರೀ ಉಪ್ಪು! ನೆಗೆಣ್ಣಿ ನನ್ನತ್ತ ನೋಡಿದಳು. ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದೆ. ಅಷ್ಟೊತ್ತಿಗೆ ಸಾಲಿಗೆಲ್ಲ ತಿಳಿದಿತ್ತು. ಮೊಸರು ಕಲಸಿಕೊಂಡು, ನೀರು ಕುಡಿದುಕೊಂಡು, ತಲೆ ತಗ್ಗಿಸಿ ಎಲ್ಲರೂ ಉಂಡರು.

ಅತ್ತೆ ಕಾಕಾನ ಮುಂದೆ ನಿಂತಳು. "ಹೆಂಗ ಆಗೇತಪಾ?"

ಕಾಕಾ ತಲೆ ಎತ್ತಲಿಲ್ಲ. "ಛಲೋ ಆಗೇತ್ರೀ ಅಕ್ಕಾರ. ಹೆಸರ ಇಡೂವಂಗಿಲ್ಲ."

ಅತ್ತೆಯ ಮುಖ ಅಲ್ಲೇ ಸಣ್ಣಗಾಯಿತು. ಪಾತ್ರೆಯಿಂದ ಒಂದು ಬದನೆಕಾಯಿ ಕೈಯಲ್ಲೇ ತೆಗೆದು ಬಾಯಿಗಿಟ್ಟಳು. ಅಗಿದಳು, ನುಂಗಿದಳು. ಆಮೇಲೆ ಎಲ್ಲರ ತಾಟುಗಳನ್ನು ನೋಡುತ್ತ ಹೋದಳು. ಯಾವ ತಾಟಿನಲ್ಲೂ ಒಂದು ಚೂರೂ ಉಳಿದಿರಲಿಲ್ಲ.

"ಇಂಥಾ ಉಪ್ಪ ಉಂಡ್ರಿ ಎಲ್ಲಾರೂ," ಎಂದಳು. "ಒಬ್ಬರರ ಬೈಲಿಲ್ಲ ನನಗ."

ನಾನು ಎದ್ದು ಹೋಗಿ ಅವಳ ಕೈ ಹಿಡಿದೆ. "ಒಮ್ಮೊಮ್ಮೆ ಆಗತೈತ್ರೀ ಅತ್ತೀ."

ಅವಳು ಕೈ ಬಿಡಿಸಿಕೊಂಡಳು. ನನ್ನ ಮುಖವನ್ನೇ ನೋಡುತ್ತ ನಿಂತಳು, ಎಂದಿನಂತೆ ಏನಾದರೂ ಅಂದೇನು ಎಂದು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ನೀನೂ ಬೈಯಂಗಿಲ್ಲೇನ ಬೇ?" ಎಂದಳು ಅತ್ತೆ. "ಅಷ್ಟ ಹೋಗಿಬಿಟ್ನೇನ ನಾ?"