ಮನುಷ್ಯರ ಹೆಸರು ಬೇಡ

ಸೀಮೆಎಣ್ಣೆಯ ವಾಸನೆ ಈಗ ಯಾರ ಮನೆಯಲ್ಲೂ ಇಲ್ಲ. ಎಲ್ಲಾದರೂ ಅಪ್ಪಿತಪ್ಪಿ ಮೂಗಿಗೆ ತಗುಲಿದರೆ ಸಾಕು, ಪರೇಲಿನ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಖೋಲಿ, ಸ್ಟೋವಿನ ಮೇಲೆ ಕುದಿಯುತ್ತಿದ್ದ ಕುಚ್ಚಲಕ್ಕಿ ಗಂಜಿ, ಅದರ ಮುಂದೆ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಕುಳಿತ ಅಮ್ಮ, ಎಲ್ಲ ಒಟ್ಟಿಗೇ ಎದ್ದುಬರುತ್ತದೆ. ಅಪ್ಪ ಹಗಲು ಮಿಲ್ಲಿನಲ್ಲಿ ದುಡಿದು, ಸಂಜೆ ನಮ್ಮ ಕನ್ನಡ ಕ್ರೈಸ್ತ ಸಭೆಯ ಉಪದೇಶಿಯಾಗಿ ಧಾರಾವಿಯ ಮನೆಮನೆಗೆ ಪ್ರಾರ್ಥನೆಗೆ ಹೋಗುತ್ತಿದ್ದರು. ಯಾರಾದರೂ ಹೊಗಳಿದರೆ ಕೆಂಡ ತುಳಿದವರಂತೆ ಹಿಂದೆ ಸರಿದು, "ನಾನಲ್ಲ, ದೇವರು" ಎನ್ನುತ್ತಿದ್ದರು. ಆ ವಿನಯ ತೋರಿಕೆಯದಾಗಿರಲಿಲ್ಲ, ಅಷ್ಟನ್ನು ಖಂಡಿತ ಹೇಳಬಲ್ಲೆ.

ಒಂದು ಮಳೆಗಾಲ ಧಾರಾವಿಯ ಶಾಂತವ್ವನ ಕೂಸಿಗೆ ವಿಷಮಜ್ವರ ಬಂತು. ಅಪ್ಪ ಅದರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬಂದರು. ಅಮ್ಮ ದಿನವೂ ಹೋಗಿ ಹಣೆಗೆ ಒದ್ದೆ ಬಟ್ಟೆ ಹಾಕಿ, ಗಂಜಿತಿಳಿ ಕುಡಿಸಿ, ಹೊಲಸು ಬಳಿದು ಬಂದಳು. ಕೂಸು ಉಳಿಯಿತು. ಮುಂದಿನ ಸಾಕ್ಷಿ ಕೂಟದಲ್ಲಿ, ಅಂದರೆ ದೇವರ ಉಪಕಾರವನ್ನು ಎದ್ದುನಿಂತು ಹೇಳುವ ಕೂಟದಲ್ಲಿ, ಶಾಂತವ್ವ ಅಮ್ಮನತ್ತ ಕೈ ತೋರಿಸಿದಳು. "ಈ ಅಮ್ಮಾರು ಇರಲಿಲ್ಲಂದ್ರ ನನ್ನ ಕೂಸು ಉಳೀತಿರಲಿಲ್ರಿ." ಅಪ್ಪ ತಡೆದರು. "ಮನುಷ್ಯರ ಹೆಸರು ಬೇಡಮ್ಮ. ದೇವರು ಉಳಿಸಿದ ಅಂತ ಹೇಳಿ." ಅವಳು ಕಕ್ಕಾಬಿಕ್ಕಿಯಾಗಿ ಹಾಗೇ ಹೇಳಿದಳು. ಎಲ್ಲರೂ ಆಮೆನ್ ಅಂದರು. ಅಮ್ಮನೂ ಅಂದಳು, ಎಲ್ಲರಿಗಿಂತ ತಡವಾಗಿ.

ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು, "ಅಮ್ಮ, ಗಂಜಿ ಮಾಡಿದ್ದು ನೀನಲ್ವಾ?" ಎಂದೆ.

"ಅಕ್ಕಿ ಕೊಟ್ಟದ್ದು ದೇವರಲ್ವಾ ಮಗಾ?"

"ಸ್ಟೋವಿಗೆ ಪಂಪ್ ಹೊಡೆದದ್ದು?"

"ಅಧಿಕಪ್ರಸಂಗ ಸಾಕು. ಆ ಸ್ಟೋವಿನ ಪಿನ್ ಕೊಡು ಇಲ್ಲಿ," ಎಂದು ನಕ್ಕಳು. ಆ ನಗು ಸಿಟ್ಟಿನದೋ ಸಂತೋಷದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ನಕ್ಕು ಸುಮ್ಮನಾದವರೊಬ್ಬರು ಇದ್ದಿರಬಹುದು.

ಕೆಲವು ವರ್ಷಕ್ಕೆ ಅಮ್ಮ ತೀರಿಕೊಂಡಳು. ಶವಪೆಟ್ಟಿಗೆಯ ಪಕ್ಕದಲ್ಲಿ ಅಪ್ಪ ಸಾಕ್ಷಿ ಹೇಳಲು ನಿಂತರು. "ದೇವರು ನಮ್ಮನ್ನು..." ಎಂದವರು ಮುಂದೆ ಹೋಗಲಾರದೆ, "ಶಾಂತವ್ವನ ಕೂಸನ್ನು ನೋಡಿಕೊಂಡದ್ದು ಇವಳು. ಇವಳೇ," ಎಂದು ಕುಸಿದು ಕೂತರು. ಆಮೆನ್ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಸ್ಮಶಾನದಿಂದ ಬಸ್ಸಿನಲ್ಲಿ ಮರಳುವಾಗ ಅಪ್ಪ ನನ್ನ ಕೈ ಹಿಡಿದುಕೊಂಡರು. "ಇವತ್ತು ನಾನು ದೇವರ ಮಹಿಮೆ ಕದ್ದೆನಾ ಮಗಾ?"

"ಇಲ್ಲ ಅಪ್ಪ."

"ಹಾಗಾದ್ರೆ ಅವತ್ತು ಅವಳದ್ದನ್ನು ಕದ್ದೆನಾ?"

ಅದನ್ನು ಹೇಳಬಲ್ಲವಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು.