ಐದು ತಿಂಗಳು ತಿನ್ನಿಸಿದ ತುತ್ತು

ಜಯಾ, ನಿನ್ನ ಬಲಗೈಯನ್ನು ಐದು ತಿಂಗಳು ಸುಮ್ಮನೆ ಕೂರಿಸಿದವನು ನಾನು — ಡಾಕ್ಟರಲ್ಲ. ಮೂರು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿದೆ.

ನಿನಗೆ ಲಕ್ವ ಹೊಡೆದು, ಹಾಸನದ ಆಸ್ಪತ್ರೆಯಿಂದ ಮನೆಗೆ ಹೊರಟ ದಿನ, ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದಳು. ಮೆದುಳಿನಲ್ಲಿ ಒಂದು ದಾರಿ ಮುಚ್ಚಿದೆ, ಕೈಗೆ ಕೆಲಸ ಕೊಟ್ಟಷ್ಟೂ ಅದು ಬೇರೆ ದಾರಿ ಮಾಡಿಕೊಳ್ಳುತ್ತದೆ ಎಂದಳು. ದಿನಾ ಸ್ವಲ್ಪ ಹೊತ್ತು ಎಡಗೈಗೆ ಬಟ್ಟೆ ಸುತ್ತಿ, ಬಲಗೈಯಲ್ಲೇ ಉಣ್ಣಲಿ. ಚೆಲ್ಲಿದರೆ ಚೆಲ್ಲಲಿ, ನೀವು ಮಾತ್ರ ತಿನ್ನಿಸಬೇಡಿ ಎಂದಳು. ಹೂಂ ಎಂದು ತಲೆಯಾಡಿಸಿದೆ.

ನಮ್ಮೂರು ದುದ್ದಕ್ಕೆ ಬಂದ ಮೊದಲ ಮಧ್ಯಾಹ್ನ ನಿನ್ನ ಕೈಯಿಂದ ಮುದ್ದೆ ಜಾರಿತು, ಸೀರೆಯೆಲ್ಲ ಸಾರಾಯಿತು. ನೀನು ಅತ್ತುಬಿಟ್ಟೆ. ಎಡಗೈಯಲ್ಲಿ ಉಣ್ಣಲು ಸುತರಾಂ ಒಪ್ಪಲಿಲ್ಲ. ಆಗ ನಾನು ಅಂದೆ —

"ಕೈ ಆಡಿಸ್ಲೇಬಾರ್ದು ಅಂದವ್ರೆ ಡಾಕ್ಟ್ರು. ಸುಮ್ಕಿರು ಕಣಮ್ಮಿ, ನಾ ತಿನ್ನುಸ್ತೀನಿ."

ಅಯ್ಯೋ ಪಾಪ ಅಂತ ಶುರುವಾದದ್ದು ನಿಜ. ಆದರೆ ಮುಂದುವರಿದದ್ದು — ಹೇಳಿಬಿಡುತ್ತೇನೆ. ಪಕ್ಕದ ಮನೆಯ ಪುಟ್ಟಮ್ಮ ನಮ್ಮನ್ನು ನೋಡಿ, "ಗಂಡ ಅಂದ್ರೆ ಇಂಗಿರ್ಬೇಕು ಕಣವ್ವ" ಅಂದಳು. ಅರಕಲಗೂಡಿನಿಂದ ಬಂದ ನಿನ್ನ ಅಕ್ಕ ಕಣ್ಣೊರೆಸಿಕೊಂಡರು. ಮೂವತ್ತು ವರ್ಷ ಬಸ್ಸಿನಲ್ಲಿ ಬೈಸಿಕೊಂಡೇ ಬದುಕಿದ ಕಂಡಕ್ಟರಿಗೆ ಹೊಗಳಿಕೆ ರುಚಿಸಿಬಿಟ್ಟಿತು. ಊಟದ ಹೊತ್ತಿಗೆ ನಿನ್ನನ್ನು ಜಗುಲಿಗೇ ಕರೆತರತೊಡಗಿದೆ, ಹೋಗಿಬರುವವರು ನೋಡಲಿ ಅಂತ. ಆಸ್ಪತ್ರೆಗೆ ಮತ್ತೆ ಬರಹೇಳಿದಾಗ ನೆಪ ಹೇಳಿ ತಪ್ಪಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಹೀಗೆ ಐದು ತಿಂಗಳು ಕಳೆದ ಮೇಲೆ ಒಂದು ದಿನ ನಾನು ಡೇರಿಗೆ ಹಾಲು ಹಾಕಿ ಬೇಗ ಬಂದೆ. ನೀನು ಎಡಗೈಯಿಂದ ಬಲಗೈ ಎತ್ತಿ ಮುದ್ದೆಯ ಮೇಲಿಟ್ಟು, ಬೆರಳು ಮಡಿಸಲು ಒದ್ದಾಡುತ್ತಿದ್ದೆ. ಕಿರುಬೆರಳು ಅಲುಗಿತು — ಕಣ್ಣಾರೆ ಕಂಡೆ. ನನ್ನನ್ನು ನೋಡಿದ ಕೂಡಲೇ ನೀನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ತಪ್ಪಾಯ್ತು ಕಣ್ರೀ... ಡಾಕ್ಟ್ರು ಬ್ಯಾಡ ಅಂದಿದ್ರು. ಮನ್ಸು ತಡೀನಿಲ್ಲ."

ಸುಳ್ಳು ಹೇಳಿದವನು ನಾನು, ತಪ್ಪಾಯ್ತು ಎಂದವಳು ನೀನು. ನಾನು ಕೊಟ್ಟಿಗೆಗೆ ಹೋಗಿ ಅತ್ತೆ.

ಮರುದಿನ, ಡಾಕ್ಟರು ಈಗ ಕೈಗೆ ಕೆಲಸ ಕೊಡಿ ಅಂದಿದ್ದಾರೆ ಎಂದು ಇನ್ನೊಂದು ಸುಳ್ಳು ಹೇಳಿ ನಿನ್ನ ಎಡಗೈಗೆ ಟವೆಲ್ ಸುತ್ತಿದೆ. ಆಮೇಲಿನದು ಪೂರಾ ನಿನ್ನ ಸಾಹಸ. ಚೆಲ್ಲಿದೆ, ನನ್ನನ್ನು ಬೈದೆ, ತಟ್ಟೆ ತಳ್ಳಿದೆ, ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. ವಾರಗಳು ಉರುಳಿದವು. ಒಂದು ಮಧ್ಯಾಹ್ನ ನಿನ್ನ ಬಲಗೈ ಮುದ್ದೆ ಮುರಿಯಿತು, ಸಾರಿನಲ್ಲಿ ಅದ್ದಿತು, ಬಾಯಿ ಸೇರಿತು. "ನೋಡ್ರೀ! ನಾನೇ ಉಂಡೆ ಕಣ್ರೀ!" — ನಿನ್ನ ಕೂಗಿಗೆ ಬೀದಿಯೇ ಬಂದು ನಿಂತಿತು. ಇವತ್ತು ಬೆಳಿಗ್ಗೆ ಎರಡೂ ಕೈಯಲ್ಲಿ ಹಾಲು ಕರೆದು, ತುಂಬಿದ ಬಕೆಟ್ಟನ್ನು ಬಲಗೈಯಲ್ಲೇ ತಂದಿಟ್ಟೆಯಲ್ಲ — ನಿನ್ನನ್ನು ಗೆಲ್ಲುವವರು ಯಾರೂ ಇಲ್ಲ!

ಸೂಜಿಗೆ ದಾರ ಪೋಣಿಸಲು ಮಾತ್ರ ಎರಡು ಬೆರಳು ಇನ್ನೂ ಒಪ್ಪುವುದಿಲ್ಲ. ಆ ಐದು ತಿಂಗಳು ಸಿಕ್ಕಿದ್ದರೆ — ಗೊತ್ತಿಲ್ಲ. ನೀನೋ, ನಮ್ಮನೆಯವರಿಂದಲೇ ಕೈ ಬಂತು ಎಂದು ಊರೆಲ್ಲ ಹೇಳಿಕೊಂಡು ಬರುತ್ತೀಯ. ಇನ್ನು ಹೇಳಬೇಡ. ಬರೆದಿಟ್ಟ ಈ ಕಾಗದವನ್ನು ಈಗಲೇ ನಿನ್ನೆದುರು ಕೂತು ಓದುತ್ತೇನೆ. ಊರಿಗೂ ನಾನೇ ಹೇಳುತ್ತೇನೆ. ಕೈ ಬಂದದ್ದು ನಿನ್ನಿಂದ ಜಯಾ — ನಾನು ಅಡ್ಡ ಕೂತಿದ್ದರೂ ಬಂತು.