ಮಂತ್ರಿಯ ಅರ್ಜಿಗೆ ಲಗತ್ತಿಸಿದ ಹಾಳೆ

ಎಪ್ಪತ್ತನಾಲ್ಕರಲ್ಲಿ ನಾವು ಅಮೆರಿಕದ ನ್ಯೂಆರ್ಕ್‌ನ ಪೋರ್ಚುಗೀಸರ ಕೇರಿಯಲ್ಲಿ ಮಹಡಿ ಮೇಲೆ ಬಾಡಿಗೆಗಿದ್ದೆವು. ಪಿಸ್ಕಾಟವೇಯ ನನ್ನ ಆಫೀಸಿಗೆ ಮುಕ್ಕಾಲು ಗಂಟೆಯ ಡ್ರೈವ್. ಕೆಳಮನೆಯಿಂದ ಏಳುವ ಒಣಮೀನಿನ ವಾಸನೆ ಕಾರವಾರದವನಾದ ನನಗೆ ಹೊಸದಲ್ಲ. ಧಾರವಾಡದ ನನ್ನ ಹೆಂಡತಿ ಮಾತ್ರ ಮೂಗಿಗೆ ಸೆರಗು ಹಿಡಿದೇ ಮೆಟ್ಟಿಲಿಳಿಯುತ್ತಿದ್ದಳು.

ಆ ವರ್ಷ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಸೈನ್ಯ ತಿರುಗಿಬಿದ್ದು ಹಳೆಯ ಆಡಳಿತ ಉರುಳಿತು. ಚಳಿಗಾಲದ ಹೊತ್ತಿಗೆ ಕೆಳಗಿದ್ದ ನಮ್ಮ ಮನೆಯೊಡತಿಯ ಅಣ್ಣ ಒಂದು ಸೂಟ್‌ಕೇಸ್ ಹಿಡಿದು ಬಂದಿಳಿದರು. ಹಿಂದೆ ಲೋಕೋಪಯೋಗಿ ಮಂತ್ರಿಯಾಗಿದ್ದವರಂತೆ. ಬ್ರೆಡ್ ತರಲು ಹೋಗುವಾಗಲೂ ಟೈ. ಮೊದಮೊದಲು ನನಗೆ ನಗು ಬರುತ್ತಿತ್ತು. ಆದರೆ ಅವರೂ ನನ್ನಂತೆ ಇಂಜಿನಿಯರು. ಸಂಜೆ ಮೇಲೆ ಬಂದು ಕಾಫಿ ಕುಡಿಯುತ್ತಾ, ಹಳ್ಳಿಯ ಮೇಷ್ಟರ ಮಗ ಸೇತುವೆ ಕಟ್ಟುತ್ತಾ ಕಟ್ಟುತ್ತಾ ಮಂತ್ರಿಯಾದ ಕಥೆಯನ್ನು ತಡವರಿಸುವ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನನಗೆ ಅವರು ಬಹಳ ಹಿಡಿಸಿದ್ದರು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಸಂಜೆ ನಾನೇ ಕೇಳಿದೆ. ಗೋವಾ ಬಿಡಕೂಡದು ಎಂದು ನಿಮ್ಮ ಸರಕಾರ ತೀರ್ಮಾನಿಸಿದಾಗ ನೀವು ಆ ಸಭೆಯಲ್ಲಿದ್ದಿರಾ?

"ಇದ್ದೆ. ಎಲ್ಲರ ಜೊತೆ ನಾನೂ ಕೈ ಎತ್ತಿದೆ" ಎಂದರು.

ನನ್ನ ಅಪ್ಪ ಐವತ್ತೈದರಲ್ಲಿ ಬಾವುಟ ಹಿಡಿದು ಕಾರವಾರದ ಕಡೆಯಿಂದ ಗೋವಾಕ್ಕೆ ನಡೆದವನು. ಪೋರ್ಚುಗೀಸ್ ಸಿಪಾಯಿಯ ಬಂದೂಕಿನ ಹಿಡಿಯಿಂದ ಬಿದ್ದ ಏಟಿಗೆ ಅವನ ಬಲಮೊಣಕಾಲು ಮತ್ತೆಂದೂ ಮಡಚಲಿಲ್ಲ. ಸಾಯುವವರೆಗೂ ನೆಲದ ಮೇಲೆ ಕೂತು ಉಣ್ಣಲಾಗಲಿಲ್ಲ. ಇದನ್ನು ನಾನು ಆ ಮುದುಕರಿಗೆ ಹೇಳಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮರುವಾರ ಅವರು ಗ್ರೀನ್ ಕಾರ್ಡ್ ಅರ್ಜಿ ಹಿಡಿದು ಬಂದರು. ಕಾರ್ಡು ಸಿಕ್ಕರೆ ಲಿಸ್ಬನ್‌ನಲ್ಲಿ ಒಬ್ಬರೇ ಉಳಿದಿದ್ದ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಅವರಿಗೆ ಬೇಕಿದ್ದದ್ದು ಅಷ್ಟೇ. ಕಳೆದ ಐದು ವರ್ಷದ ಕೆಲಸ ಮಾತ್ರ ಬರೆಯಿರಿ ಎಂದು ಅರ್ಜಿಯಲ್ಲೇ ಅಚ್ಚಾಗಿತ್ತು. ಮಂತ್ರಿಪದವಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಐದು ವರ್ಷ ಅವರು ಕಾಲೇಜಿನಲ್ಲಿ ಪಾಠ ಹೇಳಿದ್ದರು. ಮೇಷ್ಟರು ಎಂದು ಬರೆದರೆ ಸುಳ್ಳೂ ಆಗುತ್ತಿರಲಿಲ್ಲ.

"ಮೇಷ್ಟ್ರು ಅಂತ ಬರದು ಕಳಿಸ್ರಿ. ನಿಮ್ಮ ಗಂಟೇನ್ ಹೋಗ್ತದ?" ಎಂದಳು ಹೆಂಡತಿ.

"ನಿನಗೆ ಇಮಿಗ್ರೇಶನ್ ರೂಲ್ಸ್ ಗೊತ್ತಿಲ್ಲ, ಸುಮ್ನಿರು" ಎಂದೆ.

"ಇಲ್ಲಿ ಏನನ್ನೂ ಮುಚ್ಚಿಡಬಾರದು" ಎಂದು ಅವರನ್ನು ನಂಬಿಸಿ, ಬೇರೆಯೇ ಒಂದು ಹಾಳೆ ಟೈಪ್ ಮಾಡಿ ಲಗತ್ತಿಸಿದೆ. ಹುದ್ದೆಗಳು, ವರ್ಷಗಳು, ಗೋವಾದ ಬಗ್ಗೆ ಎತ್ತಿದ ಕೈ, ಎಲ್ಲ. ನಾನು ಓದಿ ಹೇಳಿದಂತೆ ಅವರು ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಿಂದ ಗೆರೆ ಹಾಕುತ್ತಾ ಹೋದರು. ಕಡತ ನೋಡುವ ಹಳೇ ಅಭ್ಯಾಸ. ಬಹಳ ದಿನದ ಮೇಲೆ ಮಂತ್ರಿಯಾಗಿ ಕೂತಿದ್ದೇನೆ ಎಂದು ನಕ್ಕರು. ನನಗೆ ಹೊಟ್ಟೆ ತಣ್ಣಗಾಯಿತು. ಎಂಥ ನೀಚ ತಂಪು ಅದು!

ಎರಡು ತಿಂಗಳಿಗೆ ಇಮಿಗ್ರೇಶನ್ ಕಚೇರಿಯಿಂದ ಉತ್ತರ ಬಂತು. ಲಗತ್ತಿಸಿದ ಹಾಳೆಯಲ್ಲಿರುವ ಒಂದೊಂದು ಹುದ್ದೆಗೂ ಲಿಸ್ಬನ್‌ನಿಂದ ದಾಖಲೆ ತರಿಸಿ, ಅಲ್ಲಿಯವರೆಗೆ ಅರ್ಜಿ ಮುಂದೆ ಹೋಗುವುದಿಲ್ಲ. ಲಿಸ್ಬನ್‌ನ ಹೊಸ ಸರಕಾರಕ್ಕೆ ಹಳೇ ಮಂತ್ರಿಯ ಕಾಗದ ಹುಡುಕುವ ಪುರುಸೊತ್ತೆಲ್ಲಿ? ಬರೆದ ಪತ್ರಗಳಿಗೆ ಉತ್ತರವಿಲ್ಲ. ಹಾಳೆ ವಾಪಸ್ ಪಡೆಯಲು ಸಾಧ್ಯವೇ ಎಂದು ನಾನೇ ರಜೆ ಹಾಕಿ ಎರಡು ಸಲ ಆ ಕಚೇರಿಗೆ ಹೋಗಿಬಂದೆ. ಚಿಂತಿಸಿ ಫಲವೇನು, ಕೆಟ್ಟ ಮೇಲೆ ಬುದ್ಧಿ ಬಂದಿತ್ತು.

ಎರಡನೆಯ ಚಳಿಗಾಲದಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಅರ್ಜಿ ಇನ್ನೂ ಅಲ್ಲೇ ಇತ್ತು.

ಮಣ್ಣಾದ ಮೂರು ವಾರಕ್ಕೆ ವಿಸಿಟರ್ ವೀಸಾದಲ್ಲಿ ಅವರ ಹೆಂಡತಿ ಬಂದರು. ತೀರಾ ಸಣ್ಣ ಆಕೆ, ಅಡಿಯಿಂದ ಮುಡಿಯವರೆಗೆ ಶೋಕದ ಕಪ್ಪು ಉಡುಪು. ನಾದಿನಿಯಾದ ನಮ್ಮ ಮನೆಯೊಡತಿಯ ಜೊತೆ ಮಹಡಿ ಹತ್ತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಹೇಳಿದ್ದನ್ನು ನಾದಿನಿ ಇಂಗ್ಲಿಷಿನಲ್ಲಿ ತಿಳಿಸಿದಳು: "ನಿನ್ನಷ್ಟು ಓದಿದವನು ನೋಡಿ ಬರೆದ ಅರ್ಜಿ ಅಂತ ಅಣ್ಣ ಧೈರ್ಯವಾಗಿದ್ದನಂತೆ. ತಪ್ಪು ಎಲ್ಲಾಯಿತು ಅಂತ ಅತ್ತಿಗೆ ಕೇಳುತ್ತಿದ್ದಾಳೆ."

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಗೊತ್ತಿಲ್ಲ ಎಂದೆ.